ಒಂದೇ ಮನೆ, ಎರಡು ರಿಟರ್ನ್: ಅಮೆರಿಕದಲ್ಲಿ ಮದುವೆಯಾಗದ ಜೋಡಿಯ ತೆರಿಗೆ

ಊರಲ್ಲಿ ಗಂಡ ಹೆಂಡತಿಯಾದರೂ ಅವರವರ ಪ್ಯಾನ್, ಅವರವರ ರಿಟರ್ನ್. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಆದಾಯ ತೆರಿಗೆ ರಿಟರ್ನ್ ಆದ ಫಾರ್ಮ್ 1040ರ ಮೊದಲ ಪುಟದಲ್ಲೇ ಮದುವೆಯ ವಿಚಾರ ಬರುತ್ತದೆ. ಅಲ್ಲಿರುವ ಐದು ಫೈಲಿಂಗ್ ಸ್ಟೇಟಸ್‌ಗಳಲ್ಲಿ ಒಂದನ್ನು ಆರಿಸಬೇಕು. ಮದುವೆಯಾಗದೆ ಒಟ್ಟಿಗಿರುವವರಿಗೆಂದು ಬೇರೆ ಚೌಕವಿಲ್ಲ.

ಲೆಕ್ಕಕ್ಕೆ ಬರುವುದು ಡಿಸೆಂಬರ್ 31. ಆ ದಿನ ಕಾನೂನಿನ ಕಣ್ಣಲ್ಲಿ ಮದುವೆಯಾಗಿದ್ದರೆ ಇಡೀ ವರ್ಷ ವಿವಾಹಿತರು, ಇಲ್ಲದಿದ್ದರೆ ಇಡೀ ವರ್ಷ ಅವಿವಾಹಿತರು. ಹತ್ತು ವರ್ಷ ಒಂದೇ ಸೂರಿನಡಿ ಇದ್ದರೂ, ನಿಶ್ಚಿತಾರ್ಥ ಮುಗಿದಿದ್ದರೂ ಜಾಯಿಂಟ್ ರಿಟರ್ನ್ ಸಲ್ಲಿಸುವಂತಿಲ್ಲ. ಶಿವಮೊಗ್ಗದಲ್ಲಿ ಡಿಸೆಂಬರ್ ಮೊದಲ ವಾರ ಧಾರೆಯಾದರೆ ಅದು ಇಲ್ಲೂ ಮದುವೆಯೇ. ಧನುರ್ಮಾಸ ಕಳೆಯಲಿ ಎಂದು ಮುಹೂರ್ತ ಜನವರಿ ಕೊನೆಗೆ ಹೋದರೆ ಹಿಂದಿನ ವರ್ಷಕ್ಕೆ ಇಬ್ಬರೂ ಬೇರೆ ಬೇರೆ.

ಟೆಕ್ಸಾಸ್, ಕೊಲರಾಡೊದಂಥ ಕೆಲವು ರಾಜ್ಯಗಳು ಕಾಮನ್ ಲಾ ಮದುವೆಯನ್ನು, ಅಂದರೆ ಶಾಸ್ತ್ರ, ಲೈಸೆನ್ಸ್ ಇಲ್ಲದ ಮದುವೆಯನ್ನೂ, ಒಪ್ಪುತ್ತವೆ. ಇಷ್ಟು ವರ್ಷ ಒಟ್ಟಿಗಿದ್ದರೆ ತಾನಾಗಿಯೇ ಮದುವೆಯಾದಂತೆ ಎಂಬುದು ಬರೀ ಬಾಯಿಮಾತು. ನಾವು ಗಂಡ ಹೆಂಡತಿ ಎಂದು ಇಬ್ಬರೂ ಒಪ್ಪಿ, ನಾಲ್ಕು ಜನರೆದುರು ಹಾಗೆಯೇ ಹೇಳಿಕೊಂಡು ಬಾಳಿರಬೇಕು. ರಾಜ್ಯದ ಕಾನೂನಿನಂತೆ ಅದು ಮದುವೆಯಾದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಮದುವೆಯೇ. ಆಮೇಲೆ ‘ಸಿಂಗಲ್’ ಎಂದು ಹಾಕುವುದು ತಪ್ಪು.

ಐದು ಸ್ಟೇಟಸ್‌ಗಳಲ್ಲಿ ಹೆಚ್ಚಿನವರು ಎಡವುವುದು ಮನೆ ಯಜಮಾನರದೆನಿಸುವ ‘ಹೆಡ್ ಆಫ್ ಹೌಸ್‌ಹೋಲ್ಡ್’ನಲ್ಲಿ. ಆಸೆ ಸಹಜ: 2025ರ ವರ್ಷಕ್ಕೆ ಸಿಂಗಲ್‌ಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಡಾಲರ್, ಇದಕ್ಕೆ 23,625. ಬಾಡಿಗೆಯೆಲ್ಲ ನಾನೇ ಕೊಡುತ್ತೇನೆ, ಹಾಗಾದರೆ ಮನೆ ಯಜಮಾನ ನಾನೇ ತಾನೆ ಎಂಬ ತರ್ಕ ಇಲ್ಲಿ ನಡೆಯದು. ಮನೆ ಖರ್ಚಿನ ಅರ್ಧಕ್ಕಿಂತ ಹೆಚ್ಚು ನೀವೇ ಕೊಟ್ಟಿರಬೇಕು. ಜೊತೆಗೆ ಅರ್ಹ ಮಗುವೋ ಅವಲಂಬಿತ ರಕ್ತಸಂಬಂಧಿಯೋ ಅರ್ಧ ವರ್ಷಕ್ಕಿಂತ ಹೆಚ್ಚು ಆ ಮನೆಯಲ್ಲಿದ್ದಿರಬೇಕು. ಸಂಗಾತಿ ಈ ಪಟ್ಟಿಯಲ್ಲಿ ಬರುವುದಿಲ್ಲ, ಅವರು ನಿಮ್ಮ ಡಿಪೆಂಡೆಂಟ್ (ತೆರಿಗೆ ಲೆಕ್ಕದಲ್ಲಿ ಅವಲಂಬಿತರು) ಆಗಿದ್ದರೂ ಸಹ. ಅಪ್ಪ ಅಮ್ಮ ಜೊತೆಗೇ ಇರಬೇಕೆಂದಿಲ್ಲ, ಆದರೆ ಡಿಪೆಂಡೆಂಟ್ ಆಗಿರಲೇಬೇಕು. ಭಾರತದ ಪ್ರಜೆಗಳಾಗಿ ಊರಲ್ಲೇ ಇರುವವರು ಆಗುವುದಿಲ್ಲ, ತಿಂಗಳು ತಿಂಗಳು ಎಷ್ಟೇ ಹಣ ಕಳಿಸಿದರೂ.

ಮನೆ ಖರ್ಚು ಎಂದರೆ ಬಾಡಿಗೆ ಅಥವಾ ಸಾಲದ ಬಡ್ಡಿ, ಆಸ್ತಿ ತೆರಿಗೆ, ಮನೆ ವಿಮೆ, ರಿಪೇರಿ, ಕರೆಂಟು ನೀರು, ಮನೆಯಲ್ಲಿ ಉಂಡ ಊಟದ ದಿನಸಿ. ಬಟ್ಟೆ, ಔಷಧಿ, ಶಾಲೆ ಫೀಸು, ಕಾರು ಸೇರುವುದಿಲ್ಲ. ವರ್ಷದ ಖರ್ಚು 48,000 ಡಾಲರ್ ಆಗಿ ಇಬ್ಬರೂ 24,000ದಂತೆ ಸರಿಸಮ ಹಾಕಿದರೆ ಇಬ್ಬರಿಗೂ ಈ ಸ್ಟೇಟಸ್ ಇಲ್ಲ! ಮಗುವಿರುವ ಜೋಡಿ ಯಾರು ಯಾವ ಬಿಲ್ ಕಟ್ಟುವುದೆಂದು ಜನವರಿಯಲ್ಲೇ ಮಾತಾಡಿಕೊಳ್ಳುವುದು ಮೇಲು. ಕಟ್ಟಿದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣಬೇಕು.

ಇಬ್ಬರದೂ ಆದ ಮಗುವನ್ನು ಯಾರಾದರೂ ಒಬ್ಬರು ತೋರಿಸಬಹುದು. ಒಟ್ಟಿಗೇ ಇರುವವರು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ (ಮಗುವಿನ ಲೆಕ್ಕದಲ್ಲಿ ತೆರಿಗೆಯಲ್ಲೇ ಕಡಿತ, 2025ಕ್ಕೆ 2,200 ಡಾಲರ್‌ವರೆಗೆ) ಒಬ್ಬರಿಗೆ, ಹೆಡ್ ಆಫ್ ಹೌಸ್‌ಹೋಲ್ಡ್ ಇನ್ನೊಬ್ಬರಿಗೆ ಎಂದು ಹಂಚಿಕೊಳ್ಳುವಂತಿಲ್ಲ. ಇಬ್ಬರೂ ತೋರಿಸಿ ಐಆರ್‌ಎಸ್ ಪಂಚಾಯಿತಿಗೆ ಕೂತರೆ, ಮಗು ವರ್ಷದಲ್ಲಿ ಹೆಚ್ಚು ದಿನ ಯಾರ ಜೊತೆಗಿತ್ತು ಎಂದು ನೋಡುತ್ತಾರೆ. ಅದೂ ಸಮವಾದರೆ ಎಜಿಐ (ಕೆಲವು ಕಡಿತಗಳನ್ನು ಕಳೆದ ಒಟ್ಟು ಆದಾಯ) ಹೆಚ್ಚಿರುವವರ ಪಾಲಿಗೆ.

ಸಂಗಾತಿಯನ್ನು ಡಿಪೆಂಡೆಂಟ್ ಎಂದು ತೋರಿಸಲು ಅವರು ವರ್ಷಪೂರ್ತಿ ನಿಮ್ಮ ಮನೆಯಲ್ಲೇ ಇದ್ದಿರಬೇಕು, ಅವರ ಆದಾಯ 2025ರಲ್ಲಿ 5,200 ಡಾಲರ್ ಮುಟ್ಟಿರಬಾರದು, ಪೋಷಣೆಯ ಅರ್ಧಕ್ಕಿಂತ ಹೆಚ್ಚು ನಿಮ್ಮದಾಗಿರಬೇಕು. ಸಿಗುವುದು 500 ಡಾಲರ್ ಕ್ರೆಡಿಟ್. ನಮ್ಮ ಕಡೆಯ ಹುಡುಗರು ಹುಡುಗಿಯರು ಇಲ್ಲೊಂದು ಮರೆಯುತ್ತಾರೆ: ಎಫ್-1 ವೀಸಾದ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ಅನಿವಾಸಿ. ಅಂಥವರನ್ನು ಡಿಪೆಂಡೆಂಟ್ ಮಾಡಲಾಗದು. ಅವರು ಸಲ್ಲಿಸಬೇಕಾದದ್ದು ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್. ಭಾರತದೊಂದಿಗಿನ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಅದರಲ್ಲೂ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು.

ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಅವಿವಾಹಿತರಿಗೆ ಒಂದು ಲಾಭವಿದೆ. ಗಂಡ ಹೆಂಡತಿಗೆ ಸೇರಿ 7,50,000 ಡಾಲರ್ ಸಾಲದವರೆಗಿನ ಬಡ್ಡಿ ಕಳೆಯಬಹುದು; ಮದುವೆಯಾಗದ ಸಹ ಮಾಲೀಕರಿಗೆ ಈ ಮಿತಿ ತಲೆಗೊಂದರಂತೆ. 2015ರಲ್ಲಿ ಒಂಬತ್ತನೇ ಸರ್ಕ್ಯೂಟ್‌ನ ಫೆಡರಲ್ ಮೇಲ್ಮನವಿ ಕೋರ್ಟ್ ಹಾಗೆ ತೀರ್ಪು ಕೊಟ್ಟಿತು, ಮರುವರ್ಷ ಐಆರ್‌ಎಸ್ ಒಪ್ಪಿಕೊಂಡಿತು. ಆದರೆ ಕಟ್ಟಿದ ಬಡ್ಡಿಯ ಲೆಕ್ಕ ಹೇಳಿ ಸಾಲ ಕೊಟ್ಟವರು ಕಳಿಸುವ ಫಾರ್ಮ್ 1098 ಒಬ್ಬರ ಹೆಸರಿಗೇ ಬರುತ್ತದೆ. ಇನ್ನೊಬ್ಬರು ತಾವು ಕಟ್ಟಿದ ಬಡ್ಡಿಯನ್ನು ಶೆಡ್ಯೂಲ್ ಎ (ಬಿಡಿಬಿಡಿ ಕಡಿತಗಳ ಪಟ್ಟಿ) ಯ 8ಬಿ ಸಾಲಿನಲ್ಲಿ ತೋರಿಸಿ, 1098 ಬಂದವರ ಹೆಸರು ವಿಳಾಸದ ಚೀಟಿ ಲಗತ್ತಿಸಬೇಕು. ಮಾರುವಾಗ ತಲಾ 2,50,000 ಡಾಲರ್ ಲಾಭಕ್ಕೆ ವಿನಾಯಿತಿಯುಂಟು, ಹೆಸರು ಮನೆಯ ಪತ್ರದಲ್ಲಿದ್ದರೆ ಮಾತ್ರ. ಪ್ರೀತಿಯಿಂದ ಪತ್ರಕ್ಕೆ ಹೆಸರು ಸೇರಿಸಿದರೆ ಅದು ಗಿಫ್ಟ್. 2025ರಲ್ಲಿ 19,000 ಡಾಲರ್ ದಾಟಿದರೆ ಗಿಫ್ಟ್ ರಿಟರ್ನ್ ಆದ ಫಾರ್ಮ್ 709 ತುಂಬಬೇಕು. ತೆರಿಗೆ ಬೀಳುವುದು ಅಪರೂಪ.

ಕಂಪನಿಯ ಆರೋಗ್ಯ ವಿಮೆಗೆ ಸಂಗಾತಿಯನ್ನು ಸೇರಿಸಿದರೆ, ಅವರು ತೆರಿಗೆ ಲೆಕ್ಕದ ಡಿಪೆಂಡೆಂಟ್ ಅಲ್ಲದಿದ್ದಲ್ಲಿ, ಕಂಪನಿ ಭರಿಸಿದ ಮೊತ್ತ ನಿಮ್ಮ ವಾರ್ಷಿಕ ಸಂಬಳದ ಚೀಟಿಯಾದ ಡಬ್ಲ್ಯೂ-2ರಲ್ಲಿ ಸಂಬಳವಾಗಿ ಕೂರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಡೊಮೆಸ್ಟಿಕ್ ಪಾರ್ಟ್ನರ್ (ಮದುವೆಯಾಗದ ಸಂಗಾತಿ) ಎಂದು ನೋಂದಾಯಿಸಿಕೊಂಡವರ ಪಾಡು ಇನ್ನೂ ಗೋಜಲು. ರಾಜ್ಯದ ರಿಟರ್ನ್‌ನಲ್ಲಿ ವಿವಾಹಿತರಂತೆ, ಫೆಡರಲ್‌ನಲ್ಲಿ ಅವಿವಾಹಿತರಾಗಿ. ಅಲ್ಲಿ ಸಮುದಾಯ ಆಸ್ತಿ ನಿಯಮ ಇರುವುದರಿಂದ ಇಬ್ಬರ ದುಡಿಮೆಯನ್ನೂ ಕೂಡಿ ಅರ್ಧರ್ಧ ಮಾಡಿ, ಫಾರ್ಮ್ 8958ರಲ್ಲಿ ಹಂಚಿಕೆ ತೋರಿಸಬೇಕು. ಅದಿಲ್ಲದಿದ್ದರೆ ರಿಟರ್ನ್‌ನಲ್ಲಿರುವ ಸಂಬಳ ನಿಮ್ಮ ಡಬ್ಲ್ಯೂ-2ಕ್ಕೆ ತಾಳೆಯಾಗದೆ ನೋಟಿಸ್ ಬರಬಹುದು.