ಸ್ಯಾನ್ ಸ್ಟಾರ್ಮ್ ಲಾಗ್: ಮೂರನೇ ಸಿಲಿಂಡರ್ ಸವೆದಿದೆಯಾ, ಅಂಟಿದೆಯಾ?

ನನ್ನ ಕಾರಿನ ನೀಲಿ ಹೊಗೆ, ಅಂದರೆ ಎಂಜಿನ್ ಆಯಿಲ್ ಉರಿದ ಹೊಗೆ, ಎಲ್ಲಿಂದ ಬರುತ್ತಿದೆ ಅನ್ನುವುದು ಕೊನೆಗೂ ಗೊತ್ತಾಯಿತು. ಮೂರನೇ ಸಿಲಿಂಡರ್.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ಸ್ಟಾರ್ಮ್ ಅಂದರೆ ಬೆಂಗಳೂರಿನ ಸ್ಯಾನ್ ಕಂಪನಿಯ ಎರಡು ಸೀಟಿನ, ಫೈಬರ್ ಬಾಡಿಯ ಕಾರು. ಒಳಗಿರುವುದು ರೆನೋದ ಡಿ7ಎಫ್ ಎಂಜಿನ್. 1149 ಸಿಸಿ, 8 ವಾಲ್ವ್, ಬೋರ್ (ಸಿಲಿಂಡರಿನ ಒಳ ವ್ಯಾಸ) 69 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 76.8. ನನ್ನ ಕೈಗೆ ಬರುವ ಮುಂಚೆ ಈ ಗಾಡಿ ಗೋವಾದ ವಾಸ್ಕೋದಲ್ಲಿ ಸಮುದ್ರದ ಗಾಳಿಗೆ ಹಲವು ಮಳೆಗಾಲ ಸುಮ್ನೆ ನಿಂತಿತ್ತು. ಆಯಿಲ್ ಕುಡಿಯುತ್ತಿತ್ತು, ಎಳೆತವೂ ಇರಲಿಲ್ಲ.

ನಮ್ಮ ಮೆಕ್ಯಾನಿಕ್ ಗದಗ ಕಡೆಯವರು, ಕೈ ಬಹಳ ಚೆನ್ನಾಗಿದೆ. ಹೊಗೆ ನೋಡಿದ ಕೂಡಲೇ ಹೇಳಿದರು: "ಸರ, ಬೋರ್ ಹೋಗೇತ್ರಿ. ಬಿಚ್ಚೇ ಬಿಡೂಣು." ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ ಅಂತ. ನಾನು ಒಪ್ಪಲಿಲ್ಲ. "ಅಣ್ಣಾ, ಮೊದಲು ಅಳೆದು ನೋಡೋಣ" ಅಂದೆ. ಈ ಎಂಜಿನ್ನಿನ ಪಿಸ್ಟನ್, ರಿಂಗ್ (ಪಿಸ್ಟನ್ ಸುತ್ತ ಗೋಡೆಗೆ ಒತ್ತಿಕೊಂಡಿರುವ ಬಳೆ) ಇಲ್ಲಿ ಅಂಗಡಿಗೆ ಹೋಗಿ ಕೇಳಿದರೆ ಸಿಗುವಂಥದ್ದಲ್ಲ. ಒಮ್ಮೆ ಬಿಚ್ಚಿದರೆ ವರ್ಷಗಟ್ಟಲೆ ಹಾಗೇ ಬಿದ್ದಿರಬಹುದು.

ಮೊದಲು ಹೊಗೆ ಯಾವಾಗ ಬರುತ್ತದೆ ಅಂತ ನೋಡಿದೆವು. ವೆರ್ಣಾದಿಂದ ಕೊರ್ಟಾಲಿಮ್ ಕಡೆ ಇಳಿಜಾರಿನಲ್ಲಿ ಕಾಲು ತೆಗೆದು ಇಳಿಸಿದೆ. ಗೆಳೆಯ ಹಿಂದೆ ಬೈಕಿನಲ್ಲಿ ಬಂದ. ಹಾಗೆ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಂದು ಸಲ ಬುಸ್ ಅಂತ ಹೊಗೆ ಬಿಟ್ಟು ನಿಂತರೆ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಮೇಲೆ ಅನುಮಾನ. ಹತ್ತುವಾಗ ಬಿಡದೆ ಬಂದರೆ ರಿಂಗ್ ಮೇಲೆ. ನಮ್ಮದು ಹತ್ತುವಾಗಲೇ ಜಾಸ್ತಿ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು. ಎಂಜಿನ್ ಬಿಸಿ, ಬ್ಯಾಟರಿ ಫುಲ್, ನಾಲ್ಕೂ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು. ರೆನೋದವರು ಒಂದನೇ ಸಿಲಿಂಡರನ್ನು ಫ್ಲೈವೀಲ್ (ಗೇರ್‌ಬಾಕ್ಸ್ ಇರುವ) ಕಡೆಯಿಂದ ಎಣಿಸುತ್ತಾರೆ, ಬೆಲ್ಟ್ ಕಡೆಯಿಂದಲ್ಲ. ಹಾಗಾಗಿ ಚಾಕ್‌ಪೀಸಿನಲ್ಲಿ ನಂಬರ್ ಬರೆದೇ ಶುರು ಮಾಡಿದೆ. ಒಂದು, ಎರಡು, ನಾಲ್ಕು: 170, 168, 165 ಪಿಎಸ್ಐ. ಮೂರು: 118. ಅದರ ಪ್ಲಗ್ ಮಾತ್ರ ಎಣ್ಣೆಯಲ್ಲಿ ಒದ್ದೆಯಾಗಿ ಕಪ್ಪಗಿತ್ತು.

ಇಲ್ಲಿ ಕೊನೆಯ ಅಂಕಿಗಿಂತ ಗೇಜಿನ ಮುಳ್ಳನ್ನು ನೋಡಬೇಕು. ಮೂರನೆಯದರಲ್ಲಿ ಮೊದಲ ಹೊಡೆತಕ್ಕೆ ಮುಳ್ಳು ತುಂಬಾ ಕೆಳಗಿತ್ತು, ಆಮೇಲೆ ಹೊಡೆತಕ್ಕೊಂದಿಷ್ಟು ನಿಧಾನವಾಗಿ ಏರಿತು. ಅದು ರಿಂಗ್ ಲಕ್ಷಣ. ವಾಲ್ವ್ ಸೋರುತ್ತಿದ್ದರೆ ಮುಳ್ಳು ಹೀಗೆ ಏರುತ್ತಾ ಹೋಗುವುದಿಲ್ಲ. ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಸೆಲ್ಫ್ ಹೊಡೆದಾಗ 155 ಬಂತು. ಆಯಿಲ್ ಸಂದು ಮುಚ್ಚಿದ್ದಕ್ಕೇ ಅಷ್ಟು ಏರಿತು ಅಂದರೆ ಸೋರಿಕೆ ಪಿಸ್ಟನ್ ಪಕ್ಕದಲ್ಲೇ ಅಲ್ವಾ. ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ ಕಂಪ್ರೆಸರ್ ಗಾಳಿ ಬಿಟ್ಟೆವು. ಸೈಲೆನ್ಸರ್‌ನಲ್ಲಿ ಸದ್ದಿಲ್ಲ, ಥ್ರಾಟಲ್‌ನಲ್ಲಿ ಇಲ್ಲ, ರೇಡಿಯೇಟರ್‌ನಲ್ಲಿ ಗುಳ್ಳೆಯೂ ಇಲ್ಲ. ಆಯಿಲ್ ಹಾಕುವ ಬಾಯಿಗೆ ಕಿವಿ ಕೊಟ್ಟರೆ ಕುಕ್ಕರ್ ವಿಷಲ್ ಬರುವ ಮುಂಚಿನ ಸುಯ್ಯೆನ್ನುವ ಸದ್ದು. ಅಂದರೆ ವಾಲ್ವ್ ಸೋರುತ್ತಿಲ್ಲ, ಗಾಳಿ ರಿಂಗ್ ದಾಟಿ ಕೆಳಗೆ ಇಳಿಯುತ್ತಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಣ್ಣನ ಮಾತೇ ಸರಿ ಅನ್ನಬೇಕಿತ್ತು. ಆದರೆ ಪ್ಲಗ್ ತೂತಿನಿಂದ ಕ್ಯಾಮರಾ ಇಳಿಸಿದಾಗ ಬೇರೆಯೇ ಕಂಡಿತು. ಗೋಡೆಯ ಮೇಲೆ ಹೋನಿಂಗ್ (ಫ್ಯಾಕ್ಟರಿಯಲ್ಲಿ ಗೋಡೆ ಉಜ್ಜುವ ಕೆಲಸ) ಮಾಡಿದ ಅಡ್ಡ ಗೀರುಗಳು ಇನ್ನೂ ಸ್ಪಷ್ಟವಾಗಿವೆ. ಉದ್ದಕ್ಕೆ ಕೆರೆದ ಗೆರೆ ಒಂದೂ ಇಲ್ಲ. ಒಂದು ಕಡೆ ಮಾತ್ರ ಕಂದು ಬಣ್ಣದ ತೆಳು ಪಟ್ಟಿ, ತುಕ್ಕಿನ ಗುರುತು. ಗಾಡಿ ನಿಂತಾಗ ಮೂರನೆಯದರ ಒಂದು ವಾಲ್ವ್ ತೆರೆದೇ ಇದ್ದು, ಉಪ್ಪು ಗಾಳಿ ನೇರ ಒಳಗೆ ಹೋಗಿರಬೇಕು ಅಂತ ನನ್ನ ಅಂದಾಜು. ಸವೆದ ಬೋರಿನಲ್ಲಿ ಆ ಗೀರು ಇಷ್ಟು ಚೆನ್ನಾಗಿ ಉಳಿಯುವುದಿಲ್ಲ. ಇದು ಪಿಸ್ಟನ್‌ಗೆ ಅಂಟಿಕೊಂಡು ಗೋಡೆಗೆ ಒತ್ತದ ರಿಂಗ್.

ಡೀಸೆಲ್, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಸಮಸಮ ಬೆರೆಸಿ ಆ ತೂತಿಗೆ ಹಾಕಿ ನೆನೆಯಲು ಬಿಟ್ಟೆ. ಮಧ್ಯೆ ಮಧ್ಯೆ ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ ಸ್ವಲ್ಪ ಹಿಂದೆ ಮುಂದೆ ತಿರುಗಿಸಿದೆ. ಯಾರಾದರೂ ಮಾಡುವುದಾದರೆ ಪ್ಲಗ್ ಹಾಕುವ ಮುಂಚೆ ಸೆಲ್ಫ್ ಹೊಡೆದು ಉಳಿದದ್ದನ್ನೆಲ್ಲ ಹೊರಗೆ ಹಾಕಿ. ಪಿಸ್ಟನ್ ಮೇಲೆ ದ್ರವ ಉಳಿದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಎಂಜಿನ್ ಆಯಿಲ್ಲೂ ಫಿಲ್ಟರೂ ಬದಲಾಗಲೇಬೇಕು, ಏಕೆಂದರೆ ಆ ಮಿಶ್ರಣ ಸೋರಿ ಎಂಜಿನ್ ಕೆಳಗಿನ ಆಯಿಲ್ ಸಂಪಿಗೇ ಇಳಿದಿರುತ್ತದೆ.

ಹೊಸ ಆಯಿಲ್ ಹಾಕಿ ಒಂದಿಷ್ಟು ಓಡಿಸಿದ ಮೇಲೆ ಮೂರನೆಯದು 146 ತೋರಿಸುತ್ತಿದೆ. ಹೊಗೆ ಕಡಿಮೆಯಾಗಿದೆ, ನಿಂತಿಲ್ಲ. ಅಣ್ಣ ಗೇಜನ್ನು ತಾವೇ ಕೈಗೆ ತಗೊಂಡು ನೋಡಿ, "ಇನ್ನೊಂದು ಸಲ ನೆನಿಸೂಣ್ರಿ" ಅಂದರು. 500 ಕಿ.ಮೀ. ಓಡಿಸಿ ಮತ್ತೆ ಅಳೆಯುತ್ತೇವೆ. ಆಗಲೂ 150 ದಾಟದಿದ್ದರೆ ಹೆಡ್ ಬಿಚ್ಚುತ್ತೇವೆ.