ಚಿಕ್ಕಪ್ಪನ ಬಾಯಿ ಮತ್ತು ಆರದ ಉರಿಯೂತ

ಹಿಂದಿನ ವರ್ಷದ ಕೊಯ್ಲಿನ ಕಾಲದಲ್ಲಿ ಕೊಪ್ಪದ ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿಯಲು ಕುಳಿತಿದ್ದಾಗ ಮೆಟ್ಟುಗತ್ತಿ ತಾಗಿ ನನ್ನ ಹೆಬ್ಬೆರಳು ಸೀಳಿತು. ಮರುದಿನ ಬೆರಳು ಕೆಂಪಾಗಿ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ರಾತ್ರಿಯೆಲ್ಲ ಮಿಡಿಯುತ್ತ ನೋಯುತ್ತಿತ್ತು. ವಾರದಲ್ಲಿ ಊತ ಇಳಿಯಿತು. ಹತ್ತನೆಯ ದಿನಕ್ಕೆ ಹಕ್ಕಳೆ ಕಳಚಿ ಹೊಸ ಚರ್ಮ ಕಾಣಿಸಿತು. ಕೆಂಪು, ಊತ, ಬಿಸಿ, ನೋವು ಎಂಬ ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಬರೆದಿಟ್ಟಿದ್ದಾನೆ. ನಮ್ಮ ‘ಉರಿಯೂತ’ ಎಂಬ ಪದದಲ್ಲಿ ಅವುಗಳ ಪೈಕಿ ಎರಡು ಹೇಗೂ ಸೇರಿಕೊಂಡಿವೆ. ಗಾಯದ ಜಾಗಕ್ಕೆ ಬಿಳಿ ರಕ್ತಕಣಗಳು ಧಾವಿಸಿ ಬರುವುದು, ರೋಗಾಣುಗಳನ್ನು ಕೊಲ್ಲುವುದು, ಹೊಸ ಕೋಶಗಳನ್ನು ಬೆಳೆಸುವಂತೆ ಸುತ್ತಲಿನ ಅಂಗಾಂಶಕ್ಕೆ ಸೂಚನೆ ಕೊಡುವುದು, ಕೆಲಸ ಮುಗಿದ ಮೇಲೆ ಹಿಂದೆ ಸರಿಯುವುದು, ಇವೆಲ್ಲ ಸೇರಿದರೇ ಉರಿಯೂತ ಪೂರ್ಣವಾಗುತ್ತದೆ. ಕ್ಯಾನ್ಸರಿನೊಂದಿಗೆ ಅದರ ನಂಟು ಶುರುವಾಗುವುದು ಆ ಕೊನೆಯ ಹಂತ ತಪ್ಪಿದಾಗ.

ಅದೇ ಅಂಗಳದಲ್ಲಿ ನನ್ನ ಪಕ್ಕ ಕುಳಿತಿದ್ದ ಚಿಕ್ಕಪ್ಪನ ಬಾಯಿಯಲ್ಲಿ ಅದು ತಪ್ಪಿ ವರ್ಷಗಳೇ ಆಗಿದ್ದವು ಎಂಬುದು ನಮಗೆ ತಡವಾಗಿ ತಿಳಿಯಿತು. ಊಟಕ್ಕೆ ಕುಳಿತಾಗ ಅವರು ಬಾಳಕದ ಮೆಣಸನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು, ಕಡುಬನ್ನು ಮಗುವಿಗೆ ಮುರಿದಂತೆ ಚಿಕ್ಕ ಚಿಕ್ಕದಾಗಿ ಮುರಿದುಕೊಳ್ಳುತ್ತಿದ್ದರು. ಖಾರ ತಾಗಿದರೆ ಬಾಯೆಲ್ಲ ಉರಿ ಎನ್ನುತ್ತಿದ್ದುದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ಚಿಕ್ಕಮಗಳೂರಿನ ದಂತವೈದ್ಯರು ಮೊದಲು ಮಾಡಿದ್ದು ಸರಳವಾದ ಒಂದು ಪರೀಕ್ಷೆ: ನಿಮ್ಮದೇ ಮೂರು ಬೆರಳನ್ನು ಜೋಡಿಸಿ ಹಲ್ಲುಗಳ ನಡುವೆ ಲಂಬವಾಗಿ ಇಡಿ ಎಂದರು. ಎರಡೇ ಬೆರಳು ಹಿಡಿಸಿತು, ಅದೂ ಕಷ್ಟಪಟ್ಟು. ಟಾರ್ಚ್ ಬೆಳಕಿನಲ್ಲಿ ನನಗೂ ತೋರಿಸಿದರು. ಕೆಂಪಾಗಿರಬೇಕಿದ್ದ ಕೆನ್ನೆಯ ಒಳಭಾಗ ಅಮೃತಶಿಲೆಯ ಹಾಗೆ ಬಿಳುಚಿಕೊಂಡಿತ್ತು, ಅದರೊಳಗೆ ಬಿಗಿದ ಹಗ್ಗದಂಥ ಪಟ್ಟಿಗಳಿದ್ದವು.

“ಎಲೆಅಡಿಕೆ ಎಷ್ಟು ವರ್ಷದಿಂದ ಹಾಕ್ತೀರಿ?”

“ಹೊಗೆಸೊಪ್ಪು ಮುಟ್ಟಿದವನಲ್ಲ ಡಾಕ್ಟ್ರೇ. ಬರೀ ಅಡಿಕೆ, ಅದೂ ನಮ್ಮ ತೋಟದ್ದೇ.”

ಹೊಗೆಸೊಪ್ಪು ಇಲ್ಲದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಹಳ ಗಟ್ಟಿಯಾದದ್ದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನೇ ಮೊದಲ ಗುಂಪಿನ, ಅಂದರೆ ಮನುಷ್ಯರಲ್ಲಿ ಖಚಿತವಾದ, ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಹೋಳಿನ ನಾರು ಕೆನ್ನೆಯ ಲೋಳೆಪೊರೆಯನ್ನು ದಿನವೂ ಗೀರುತ್ತದೆ. ಅಡಿಕೆಯ ಅರೆಕೋಲಿನ್ ಎಂಬ ರಾಸಾಯನಿಕ ಮತ್ತು ಅದರಲ್ಲಿರುವ ತಾಮ್ರದ ಅಂಶ ಆ ಗೀರುಗಳೊಳಗೆ ಇಳಿಯುತ್ತವೆ. ಬಿಳಿ ರಕ್ತಕಣಗಳು ಬರುತ್ತವೆ, ರಿಪೇರಿ ಶುರುವಾಗುತ್ತದೆ, ಅದು ಮುಗಿಯುವ ಮೊದಲೇ ಮುಂದಿನ ಹೋಳು ದವಡೆಗೆ ಸೇರುತ್ತದೆ. ಟಿಜಿಎಫ್-ಬೀಟಾ ಎಂಬ ಸಂಕೇತವಾಹಕ ಕೊಲಾಜೆನ್ ನಾರನ್ನು ಹೆಚ್ಚು ಹೆಚ್ಚು ನೇಯಿಸುತ್ತದೆ, ತಾಮ್ರದಿಂದ ಚುರುಕಾಗುವ ಕಿಣ್ವವೊಂದು ಆ ನಾರುಗಳನ್ನು ಒಂದಕ್ಕೊಂದು ಬೆಸೆದು ಕರಗದಂತೆ ಮಾಡುತ್ತದೆ. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಅದಕ್ಕೆ ಹದವಾದ ನೆಲ. ಕೇರಳದ ಎರ್ನಾಕುಲಂನಲ್ಲಿ ಇಂಥ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತ್ತು.

ಉರಿಯೂತಕ್ಕೂ ಕ್ಯಾನ್ಸರಿಗೂ ಇರುವ ಈ ಸಂಬಂಧವನ್ನು ಮೊದಲು ಗುರುತಿಸಿದವರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋ ಪ್ರಮುಖ. ಗೆಡ್ಡೆಗಳೊಳಗೆ ಬಿಳಿ ರಕ್ತಕಣಗಳಿರುವುದನ್ನು ಕಂಡ ಅವನು, ದೀರ್ಘಕಾಲ ಕೆರಳಿದ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ ಎಂದು 1863ರಲ್ಲಿಯೇ ಊಹಿಸಿದ್ದ. 1986ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ ಗೆಡ್ಡೆಗಳನ್ನು ವಾಸಿಯಾಗದ ಗಾಯಗಳು ಎಂದು ಕರೆದ. ರೋಗಾಣುವನ್ನು ಸುಡಲೆಂದು ಬಿಳಿ ರಕ್ತಕಣಗಳು ಹೊರಬಿಡುವ ಆಮ್ಲಜನಕದ ಉಗ್ರ ಕಣಗಳು ನಮ್ಮದೇ ಕೋಶಗಳ ಡಿಎನ್‌ಎಯನ್ನೂ ಕೆಡಿಸುತ್ತವೆ. ಅದೇ ಹೊತ್ತಿಗೆ ಗಾಯ ಮಾಯಿಸಲೆಂದು ಬರುವ ಸಂಕೇತಗಳು ಕೋಶಗಳಿಗೆ ವಿಭಜಿಸಿ, ಸಾಯಬೇಡಿ, ಹೊಸ ರಕ್ತನಾಳ ಬೆಳೆಸಿ ಎಂದು ಹೇಳುತ್ತಿರುತ್ತವೆ. ಡಿಎನ್‌ಎ ಕೆಟ್ಟ ಕೋಶಕ್ಕೂ ಅದೇ ಅಪ್ಪಣೆ ಸಿಗುತ್ತದೆ. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದೇ.

ಬೇರೆ ಅಂಗಗಳಲ್ಲೂ ಇದೇ ಬಗೆ. ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಯಕೃತ್ತಿನಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ವರ್ಷಗಟ್ಟಲೆ ಉರಿಯೂತವನ್ನು ಉಳಿಸಿ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಹಾಗಾಗಿ, ಶಿಶು ಹುಟ್ಟಿದ 24 ಗಂಟೆಯೊಳಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ಕ್ಯಾನ್ಸರ್ ತಡೆಯುವ ಲಸಿಕೆಯೂ ಹೌದು. ಆದರೆ ಎಲ್ಲ ಉರಿಯೂತವೂ ಅಲ್ಲಿಗೇ ಮುಟ್ಟುವುದಿಲ್ಲ. ನಮ್ಮ ಅತ್ತೆಯ ಕೈಬೆರಳುಗಳ ಕೀಲುಗಳು ಸಂಧಿವಾತದಿಂದ ಇಪ್ಪತ್ತು ವರ್ಷ ಊದಿಕೊಂಡೇ ಇವೆ. ಆ ಕೀಲುಗಳಲ್ಲಿ ಕ್ಯಾನ್ಸರ್ ಹುಟ್ಟುವುದು ತೀರಾ ಅಪರೂಪ.

ಚಿಕ್ಕಪ್ಪನ ವಿಷಯ ತಿಳಿದ ಮೇಲೆ ಮನೆಗೆ ಬಂದವರೆಲ್ಲ ಅರಿಶಿನದ ಹಾಲು ಹೇಳಿ ಹೋದರು. ಕುಡಿಯಲು ಅಡ್ಡಿಯಿಲ್ಲ, ಆದರೆ ಉರಿಯೂತ ತಗ್ಗಿಸಿ ಕ್ಯಾನ್ಸರ್ ತಡೆಯುವ ಕೆಲಸ ಅಷ್ಟು ಸಲೀಸಲ್ಲ. 2017ರಲ್ಲಿ ಫಲಿತಾಂಶ ಹೊರಬಂದ ಪ್ರಯೋಗವೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಿಗೆ ಕೆನಕಿನುಮ್ಯಾಬ್ ಎಂಬ ಉರಿಯೂತ ನಿರೋಧಕ ಔಷಧವನ್ನೋ ಔಷಧವಿಲ್ಲದ ಚುಚ್ಚುಮದ್ದನ್ನೋ ಕೊಟ್ಟು ನೋಡಿದಾಗ, ಔಷಧ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತು. ಸೋಂಕಿನಿಂದ ಸತ್ತವರು ಮಾತ್ರ ಅವರಲ್ಲೇ ಹೆಚ್ಚು. ಕಾವಲುಗಾರನನ್ನೇ ಮಲಗಿಸಿದರೆ ಮತ್ತೇನಾದೀತು?

ಅಡಿಕೆಯ ದುಡ್ಡಿನಲ್ಲೇ ಓದಿದ ನಾನು ಇದನ್ನು ಬರೆಯುತ್ತಿರುವುದು ಮನೆಯಲ್ಲಿ ಎಲ್ಲರಿಗೂ ಹಿಡಿಸಿಲ್ಲ. ಚಿಕ್ಕಪ್ಪ ಏನೂ ಹೇಳಲಿಲ್ಲ. ಅವರು ಅಡಿಕೆ ಜಗಿಯುವುದನ್ನು ಬಿಟ್ಟು ಹದಿನಾಲ್ಕು ತಿಂಗಳಾಯಿತು, ಬೇಯಿಸುವುದನ್ನೂ ಒಣಗಿಸುವುದನ್ನೂ ಬಿಟ್ಟಿಲ್ಲ. ವೈದ್ಯರು ಹೇಳಿಕೊಟ್ಟ ಬಾಯಿ ತೆರೆಯುವ ವ್ಯಾಯಾಮವನ್ನು ಬೆಳಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಮಾಡುತ್ತಾರೆ. ಉರಿ ಕಡಿಮೆಯಾಗಿದೆ, ಪಟ್ಟಿಗಳು ಹಾಗೇ ಇವೆ. ಎರಡು ಬೆರಳು ಈಗ ಸಲೀಸಾಗಿ ಹೋಗುತ್ತವೆ, ಮೂರನೆಯದು ಹೋಗುವುದಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಬೇಕು. ಮುಂದಿನ ಸರದಿ ಯುಗಾದಿ ಕಳೆದ ಮೇಲೆ.