ಗೇಟಿನ ಹಿಂದಿನ ಕೆಸರು

ಭಾನುವಾರ, 13 ಏಪ್ರಿಲ್ 2025
ಅಫಜಲಪುರ ತಾಲ್ಲೂಕು, ಕಲಬುರಗಿ

ಬಿಸಿಲು ಏರುವ ಮೊದಲೇ ಭೀಮಾ ನದಿಯ ಬ್ರಿಜ್ ಕಂ ಬ್ಯಾರೇಜ್‌ಗೆ ಹೋಗಿ ಬಂದೆ. ನೀರು ಹರಿಯುತ್ತಿಲ್ಲ. ಗೇಟಿನ ಹಿಂದೆ ಹಸಿರು ಪಾಚಿ, ದಂಡೆಗುಂಟ ಜಲಕಳೆ. ಮೀನು ಹಿಡಿಯುವ ಕಾಕಾ ತೆಪ್ಪದಲ್ಲಿ ಕೂರಿಸಿಕೊಂಡು ಗೇಟಿನ ಹತ್ತಿರದ ಮಡುವಿಗೆ ಕರೆದೊಯ್ದರು. ಅಲ್ಲೇ ನೀರು ಆಳ.

ಬಾಟಲಿಗೆ ಕಲ್ಲು ಕಟ್ಟಿ, ಬೂಚಿಗೆ ಬೇರೆ ದಾರ ಕಟ್ಟಿ ತಳಕ್ಕೆ ಇಳಿಸಿದೆ. ತಳ ಮುಟ್ಟಿದ ಮೇಲೆ ಬೂಚು ಎಳೆದರೆ ಅಲ್ಲಿನ ನೀರು ತುಂಬಿಕೊಳ್ಳುತ್ತದೆ. ಮೇಲೆ ತಂದಾಗ ಕೊಳೆತ ತತ್ತಿಯ ವಾಸನೆ ಮೂಗಿಗೆ ಬಡಿಯಿತು. ಇನ್ನೊಂದು ಬಾಟಲಿಯಲ್ಲಿ ಮೇಲಿನ ನೀರು ಹಿಡಿದೆ. ದಂಡೆಗೆ ಬಂದು ಎರಡಕ್ಕೂ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ಹನಿ ಹಾಕಿ, ಮುಚ್ಚಿ ಅಲುಗಾಡಿಸಿದೆ. ಶಾಲೆಯ ಲ್ಯಾಬಿನಲ್ಲಿ ಮಕ್ಕಳಿಗೆ ತೋರಿಸುವ ಪರೀಕ್ಷೆಯೇ ಇದು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ ಗಸಿ. ಮೇಲಿನ ನೀರು ಚಹಾದ ಬಣ್ಣಕ್ಕೆ ತಿರುಗಿತು. ತಳದ ನೀರಿನಲ್ಲಿ ಅಪ್ಪಟ ಬಿಳಿ ಕೂತಿತು.

ಕಾಕಾ ಎರಡೂ ಬಾಟಲಿ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. "ಮಳಿ ಬಂದು ಮೊದಲ ಸಲ ಗೇಟ್ ಎತ್ತಿದಾಗ ಮೀನಾ ಮ್ಯಾಲ ಬಂದು ಬಾಯಿ ತಗದು ಒದ್ದಾಡತಾವ. ಇದಕ್ಕೇ ಏನ್ರಿ ಮಾಸ್ತರ್ರ?"

"ಹೌದ್ರಿ ಕಾಕಾ, ಇದಕ್ಕೇ" ಅಂದೆ.

ಮೀನು ಬದುಕಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಗೇಟು ತಳದಿಂದ ಎತ್ತಿದರೆ ಮೊದಲು ಹೊರಡುವುದು ಈ ಉಸಿರಿಲ್ಲದ ನೀರು. ಜೊತೆಗೆ ಕೆಸರು. ಕೆಳಗಿನ ಊರುಗಳ ಜಾಕ್‌ವೆಲ್‌ಗೆ, ಅಂದರೆ ಕುಡಿಯುವ ನೀರು ಎತ್ತುವ ಬಾವಿಗೆ, ಹೋಗಿ ಸೇರುವುದೂ ಅದೇ.

ಆ ಕೆಸರಿನ ವಿಷಯ ಸ್ವಲ್ಪ ಬಿಡಿಸಿ ಬರೆಯಬೇಕು. ಊರ ಚರಂಡಿಯಿಂದ, ಹೊಲದ ಗೊಬ್ಬರದಿಂದ ಬಂದ ರಂಜಕ (ಫಾಸ್ಫರಸ್) ಕೆಸರಿನಲ್ಲಿರುವ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ. ಆಮ್ಲಜನಕ ಇರುವಷ್ಟು ದಿನ ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ತಳದ ನೀರು ಉಸಿರು ಕಳೆದುಕೊಂಡಾಗ ಕಬ್ಬಿಣ ಕರಗುತ್ತದೆ, ರಂಜಕ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಪಾಚಿಗೆ ಅದೇ ಊಟ. ಪಾಚಿ ಸತ್ತು ತಳಕ್ಕಿಳಿದು ಕೊಳೆಯುತ್ತದೆ, ಇನ್ನಷ್ಟು ಆಮ್ಲಜನಕ ಖಾಲಿ. ಅಂದರೆ ನಾಳೆಯೇ ಎಲ್ಲ ಚರಂಡಿ ನಿಲ್ಲಿಸಿದರೂ ಹಳೆಯ ಕೆಸರು ವರ್ಷಗಟ್ಟಲೆ ನದಿಯನ್ನು ಕೆಡಿಸುತ್ತಲೇ ಇರುತ್ತದೆ. ಕಟ್ಟೆ ಹಳೆಯದಾದಷ್ಟೂ ಈ ಸಂಗ್ರಹ ಜಾಸ್ತಿ.

ನಮ್ಮ ಭೀಮೆಗೆ ಇದು ಮೇಲಿನಿಂದಲೇ ಬಂದ ಕಾಯಿಲೆ. ಪುಣೆಯ ಕೊಳಚೆ ಮುಳಾ-ಮುಠಾ ನದಿಯ ಮೂಲಕ ಭೀಮೆಗೆ ಸೇರಿ 1980ರಲ್ಲಿ ಮುಗಿದ ಮಹಾರಾಷ್ಟ್ರದ ಉಜನಿ ಜಲಾಶಯಕ್ಕೆ ಬರುತ್ತದೆ. ಉಜನಿಯ ಸುಮಾರು 117 ಟಿಎಂಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಡೆಡ್ ಸ್ಟೋರೇಜ್, ಅಂದರೆ ಸಾಮಾನ್ಯವಾಗಿ ಹೊರಗೆ ಬಿಡಲಾಗದೆ ತಳದಲ್ಲೇ ನಿಲ್ಲುವ ನೀರು. ಬೇಸಿಗೆ ಬಂತೆಂದರೆ ನಾವು ಉಜನಿ ನೀರು ಬಿಡಿ ಅಂತ ಕೇಳುತ್ತೇವೆ, ಕೇಳಲೇಬೇಕು, ಕುಡಿಯಲು ಬೇರೆ ದಾರಿ ಇಲ್ಲ. ಎಷ್ಟು ಟಿಎಂಸಿ ಅಂತ ಕೇಳುವಾಗ ಎಂಥ ನೀರು ಅಂತಲೂ ಕೇಳಬೇಕು. 2018ರ ಕೇಂದ್ರದ ಪಟ್ಟಿಯಲ್ಲಿ ದೇಶದ 351 ಕಲುಷಿತ ನದಿಭಾಗಗಳಿದ್ದವು, ಕರ್ನಾಟಕದವು 17. ಆ ಹದಿನೇಳರಲ್ಲಿ ಭೀಮೆಯೂ ಇದೆ, ಕಾಗಿಣಾ ಕೂಡ ಇದೆ. ನಮ್ಮ ಜಿಲ್ಲೆಯ ಎರಡು ಜೀವನದಿಗಳು. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ವಾ, ಅಂದಿನಿಂದ ಎಲ್ಲರ ಬಾಯಲ್ಲೂ ಗೇಟು, ಚೈನು. ಆ ಮಾತು ಬೇಕಾಗಿತ್ತು. ತಳದ ಹೂಳಿನ ಮಾತೂ ಬೇಕು. ಅದೇ ಡ್ಯಾಮಿನಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ನಮ್ಮ ಕಡೆಯ ಕಟ್ಟೆಗಳೂ ಹಳೆಯವಾಗುತ್ತಿವೆ. ಚಿಂಚೋಳಿಯ ಚಂದ್ರಂಪಳ್ಳಿ ಅರ್ಧ ಶತಮಾನ ದಾಟಿದೆ. ನಾರಾಯಣಪುರದ ಬಸವಸಾಗರ ನಲವತ್ತು ದಾಟಿದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಮಾಡಲೇಬೇಕು ಅನ್ನುತ್ತದೆ. ಆ ದಿನ ಎಂಜಿನಿಯರ್ ಗೋಡೆ ನೋಡುತ್ತಾರೆ, ಗೇಟಿನ ರಬ್ಬರ್ ಸೀಲ್ ನೋಡುತ್ತಾರೆ, ಸೋರಿಕೆ ಅಳೆಯುತ್ತಾರೆ. ಅದೇ ದಿನ ತಳದ ನೀರು ಒಂದು ಬಾಟಲಿ, ಕೆಸರು ಒಂದು ಡಬ್ಬಿ ತೆಗೆದು ಲ್ಯಾಬಿಗೆ ಕಳಿಸಲಿ. ನನ್ನ ಬೇಡಿಕೆ ಇಷ್ಟೇ. 10 ಮೀಟರಿಗಿಂತ ಕಡಿಮೆ ಎತ್ತರದ ಕಟ್ಟೆಗಳು ಈ ಕಾಯ್ದೆಗೆ ಬರುವುದಿಲ್ಲ. ಅವುಗಳ ಹಿಂದೆಯೂ ಅಷ್ಟೇ ಕೊಳಕು ನಿಲ್ಲುತ್ತದೆ, ಹಾಗಾಗಿ ಅವನ್ನೂ ಸೇರಿಸಿಕೊಳ್ಳಬೇಕು.

ರಿಪೇರಿ ವಿಷಯದಲ್ಲೂ ಒಂದು ಮಾತು. ಹಳೆಯ ಗೇಟುಗಳಿಗೆ ತುಕ್ಕು ಹಿಡಿಯದಂತೆ ಸೀಸದ ಬಣ್ಣ ಹಚ್ಚುತ್ತಿದ್ದ ಕಾಲವಿತ್ತು. ಅದನ್ನು ಕೆರೆದು ಹೊಸ ಬಣ್ಣ ಹಚ್ಚುವಾಗ ಪುಡಿ ನೀರಿಗೆ ಬೀಳಬಾರದು, ಕೆಳಗೆ ತಾಡಪತ್ರಿ ಕಟ್ಟಬೇಕು. ತಳ ಅಗೆಯುವಾಗ ಕೆಸರು ಹರಡದಂತೆ ತೇಲುವ ಪರದೆ ಬಿಡಬೇಕು. ಹೂಳು ತೆಗೆದು ಹೊಲಕ್ಕೆ ಹಾಕುವುದು ನಮ್ಮಲ್ಲಿ ರೂಢಿ, ಒಳ್ಳೆಯ ರೂಢಿಯೇ. ಆದರೆ ಪಟ್ಟಣದ, ಕಾರ್ಖಾನೆಗಳ ಕೆಳಭಾಗದ ಹೂಳನ್ನು ಪರೀಕ್ಷೆ ಮಾಡದೆ ತೊಗರಿ ಹೊಲಕ್ಕೆ ಹೊಡೆಸಬೇಡಿ.

ಸಂಜೆ ಕೂತು ಅರ್ಜಿ ಬರೆದೆ. ತಳದ ನೀರಿನ ಪರೀಕ್ಷೆ ಆಗಬೇಕು. ಜೂನ್‌ನಲ್ಲಿ ಗೇಟುಗಳನ್ನು ಒಮ್ಮೆಲೇ ಎತ್ತದೆ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಎತ್ತುವ ಹಿಂದಿನ ದಿನ ಕೆಳಗಿನ ಊರುಗಳಲ್ಲಿ ಡಂಗುರ ಸಾರಿಸಬೇಕು, ಜಾಕ್‌ವೆಲ್ ಮೋಟರ್ ಅಷ್ಟು ಹೊತ್ತು ನಿಲ್ಲಿಸಬೇಕು. ಕಾಕಾ ತಮ್ಮ ಓಣಿಯವರ ಸಹಿ ಮಾಡಿಸಿ ಕೊಡುತ್ತೇನೆ ಅಂದಿದ್ದಾರೆ.

ಜೇವರ್ಗಿ, ಶಹಾಪುರ, ಯಾದಗಿರಿ ಕಡೆಯ ನದಿ ದಂಡೆಯವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಮೊದಲ ನೀರು ಬಂದ ದಿನ ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು, ತಾರೀಖು, ಹೊತ್ತು, ಊರಿನ ಹೆಸರು ಬರೆದು, ಬಣ್ಣ ಕಾಣುವಂತೆ ಫೋಟೊ ತೆಗೆದು ಕಳಿಸಿ. ಅರ್ಜಿಗೆ ಲಗತ್ತಿಸುತ್ತೇನೆ.